ಅಣ್ಣನಿಗೆ ಅತ್ತಿಗೆ ಮೇಲಧಿಕಾರಿಯಾದದ್ದು

ವಿಶ್ವವಿದ್ಯಾಲಯದ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ನಮ್ಮಣ್ಣನೇ ಮುಂದಿನ ನಿರ್ದೇಶಕ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಣ್ಣನಿಗಂತೂ ಇರಲೇ ಇಲ್ಲ. ಹಳೆಯ ನಿರ್ದೇಶಕರು ಇನ್ನೂ ಕುರ್ಚಿಯಲ್ಲಿ ಕೂತಿದ್ದಾಗಲೇ ಅವನು ಅವರ ಕೋಣೆಯ ಕಿಟಕಿ ನೋಡಿ, "ಈ ಕಂದು ಪರದೆ ಮೊದಲು ತೆಗೆಸ್ಬೇಕು" ಎಂದು ನನ್ನ ಕಿವಿಯಲ್ಲಿ ಹೇಳಿದ್ದ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡವೋ ಎಂದು ನಾನು ನಕ್ಕಿದ್ದೆ. ಕೂಸು ಹುಟ್ಟಿತು, ಆದರೆ ಕುಲಾವಿ ಹೋದದ್ದು ಅತ್ತಿಗೆಯ ತಲೆಗೆ.

ನಾನು ಅದೇ ಸಂಸ್ಥೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ಅಣ್ಣನ ಮನೆಯಿಂದ ಒಂದು ಬೀದಿ ದಾಟಿದರೆ ನನ್ನ ಮನೆ. ಹೀಗಾಗಿ ಕಚೇರಿಯಲ್ಲಿ ಆದದ್ದೂ ಗೊತ್ತು, ಅಡುಗೆಮನೆಯಲ್ಲಿ ಆದದ್ದೂ ಗೊತ್ತು. ಅತ್ತಿಗೆಯ ಬಗ್ಗೆ ನಾದಿನಿ ಬರೆದರೆ ಜನ ಒಂದು ಹುಬ್ಬು ಮೇಲೇರಿಸಿಯೇ ಓದುತ್ತಾರೆ. ಏರಿಸಲಿ.

ಅತ್ತಿಗೆಯ ತಂದೆಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಪಂಕ್ಚರಾದ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತ ಕೂರುವುದು ದಿನವೂ ಶಾಲೆ ಬಿಟ್ಟ ಮೇಲೆ ಅತ್ತಿಗೆಯ ಪಾಲಿನ ಕೆಲಸ. ಆಮೇಲೆ ವೈದ್ಯಕೀಯ ಓದಿದರೂ ರೋಗಿಗಳ ಎದುರು ಕೂರುವ ಕೆಲಸ ಅವರಿಗೆ ಹಿಡಿಸಲಿಲ್ಲ. ಯಕೃತ್ತಿನ ಸಣ್ಣ ತುಣುಕುಗಳನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ವೃತ್ತಿಯಾಯಿತು. ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಾಯಿ ಬಿಡುವ ಕೆಲಸವನ್ನು ಇಬ್ಬರ ಪರವಾಗಿ ಅಣ್ಣನೇ ಮಾಡುತ್ತಿದ್ದ.

ಅಣ್ಣ ಬೇರೆಯೇ ಮಣ್ಣು. ಬುದ್ಧಿ ಚುರುಕು, ಧ್ವನಿ ದೊಡ್ಡದು. ಮೂರನೇ ಮಹಡಿಯಲ್ಲಿ ಅವನ ಪ್ರಯೋಗಾಲಯ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತೀರ ಬೆಳೆದ ಮೇಲೆಯೇ ಪತ್ತೆಯಾಗುವ ರೋಗ. ಅದನ್ನು ಒಂದು ಹನಿ ರಕ್ತದಲ್ಲಿ ಮೊದಲೇ ಹಿಡಿಯಬೇಕೆಂಬುದು ಅವನ ಹಟ. ಆ ರೋಗಿಗಳ ರಕ್ತದಲ್ಲಿ ಒಂದು ಪ್ರೋಟೀನ್ ಏರುವುದನ್ನು ಅವನು ಕಂಡುಕೊಂಡಿದ್ದ. ಅದನ್ನು ಅಳೆಯುವ ಪರೀಕ್ಷೆಗೆ ವರ್ಷಗಳನ್ನು ಸುರಿದಿದ್ದ. ಒಂದು ಔಷಧ ಕಂಪನಿ ಅದನ್ನು ಕೊಳ್ಳಲು ಮುಂದೆ ಬಂದಿತ್ತು. ಅಂಥವನನ್ನು ಬಿಟ್ಟು ಬೇರೆ ಯಾರನ್ನು ನಿರ್ದೇಶಕ ಮಾಡುತ್ತಾರೆ?

ಆದರೆ ಮೂವರಾದರೂ ಅಭ್ಯರ್ಥಿಗಳಿಲ್ಲದೆ ಸಂದರ್ಶನ ನಡೆಸುವಂತಿಲ್ಲ ಎಂಬ ನಿಯಮವಿತ್ತು. ಅರ್ಜಿ ಹಾಕಿದವರು ಇಬ್ಬರೇ. ಒಂದು ಸಂಜೆ ಅಣ್ಣ ಊಟದ ಮೇಜಿನಲ್ಲಿ ಅತ್ತಿಗೆಗೆ ಹೇಳಿದ: "ನೀನೂ ಒಂದು ಅರ್ಜಿ ಹಾಕು. ಇಲ್ದಿದ್ರೆ ಇದನ್ನ ಮುಂದಕ್ಕೆ ಹಾಕಿಬಿಡ್ತಾರೆ."

"ನಾನು ಅಲ್ಲಿ ಹೋಗಿ ಏನು ಹೇಳ್ಲಿ?"

"ಕೇಳಿದ್ದಕ್ಕೆ ಉತ್ತರ ಹೇಳು, ಎದ್ದು ಬಾ. ಲೆಕ್ಕಕ್ಕೆ ಒಂದು ತಲೆ ಬೇಕು, ಅಷ್ಟೇ."

ಲೆಕ್ಕದ ತಲೆಯಾಗಿ ಹೋದವರನ್ನು, ನಿರ್ದೇಶಕರಾದರೆ ಮೊದಲು ಏನು ಮಾಡುತ್ತೀರಿ ಎಂದು ಸಮಿತಿ ಕೇಳಿತು. ಅಣ್ಣ ಅದೇ ಪ್ರಶ್ನೆಗೆ ಹೊಸ ಕಟ್ಟಡ, ಹೊರದೇಶದ ಒಪ್ಪಂದ, ಮುಂದಿನ ಪೀಳಿಗೆ ಎಂದು ಸೊಗಸಾಗಿ ಮಾತಾಡಿ ಬಂದಿದ್ದ. ಅತ್ತಿಗೆ ಹೇಳಿದ್ದು ಇಷ್ಟು: "ಕಾರಿಡಾರುಗಳ ತುಂಬ ಕೆಟ್ಟ ಫ್ರಿಜ್ಜುಗಳಿವೆ. ಬೆಂಕಿ ಬಿದ್ದರೆ ಜನ ಹೊರಗೆ ಬರೋಕಾಗಲ್ಲ. ಅವನ್ನ ತೆಗೆಸ್ತೀನಿ. ಆಮೇಲೆ ಪ್ರತಿ ಪ್ರಯೋಗಾಲಯಕ್ಕೂ ಹೋಗಿ, ಏನು ಸಾಧಿಸಿದ್ರಿ ಅಂತ ಕೇಳಲ್ಲ. ಯಾವುದು ಕೈಕೊಟ್ಟಿತು ಅಂತ ಕೇಳ್ತೀನಿ."

ಭಾನುವಾರ ಬೆಳಗ್ಗೆ ಫೋನ್ ಬಂತು. ನಾನು ಅಲ್ಲೇ ಇದ್ದೆ. ಅತ್ತಿಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಮ್ಮನ ಕಾಲಿನ ಉಗುರು ಕತ್ತರಿಸುತ್ತಿದ್ದರು. ಫೋನಿನ ಪಕ್ಕದಲ್ಲೇ ಪತ್ರಿಕೆ ಹಿಡಿದು ಕೂತಿದ್ದ ಅಣ್ಣ ಮೊದಲ ರಿಂಗಿಗೇ ಎತ್ತಿದ. "ನಮಸ್ಕಾರ ಸಾರ್, ನಮಸ್ಕಾರ" ಎಂದ. ಆಮೇಲೆ ಅವನ ಧ್ವನಿ ಇಳಿಯಿತು. "ಹಾಂ... ಇದ್ದಾಳೆ... ಕೊಡ್ತೀನಿ ಸಾರ್."

ಅತ್ತಿಗೆ ಕೈ ಒರೆಸಿಕೊಂಡು ಹೋಗಿ ಮಾತಾಡಿ ಬಂದು ಮತ್ತೆ ಮೆಟ್ಟಿಲ ಮೇಲೆ ಕೂತರು.

"ಯಾರಮ್ಮ ಅದು?" ಅಮ್ಮ ಕೇಳಿದಳು.

"ಕುಲಪತಿಗಳು ಅತ್ತೆ. ನನ್ನನ್ನೇ ಮಾಡಿದಾರಂತೆ."

"ಏನು ಮಾಡಿದಾರೆ?"

"ನಿರ್ದೇಶಕಿ."

ಅಮ್ಮ ಒಂದು ಕ್ಷಣ ಸೊಸೆಯ ಮುಖ ನೋಡಿದಳು. "ಒಳ್ಳೇದಾಯ್ತು. ಇನ್ನೊಂದು ಕಾಲು ಉಳಿದಿದೆ" ಎಂದು ಕಾಲು ಮುಂದೆ ಚಾಚಿದಳು.

ಅಣ್ಣ ಜೋರಾಗಿ ಕೈಕುಲುಕಿದ, ಅಭಿನಂದಿಸಿದ, ನಕ್ಕ. ಆಮೇಲೆ ಸ್ಪ್ಯಾನರ್ ಹುಡುಕಿಕೊಂಡು ಬಚ್ಚಲಿಗೆ ಹೋಗಿ, ಸರಿಯಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿ ರಿಪೇರಿ ಮಾಡಿದ. ಆ ನಲ್ಲಿ ಅಂದಿನಿಂದ ಸೋರತೊಡಗಿತು.

ಬೀದಿಯವರು ಆಡಿಕೊಂಡರು. ಸಂಸ್ಥೆಯವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಎಲ್ಲರಿಗಿಂತ ದೊಡ್ಡ ಕಷ್ಟಕ್ಕೆ ಸಿಕ್ಕಿದವನು ಅಣ್ಣನೇ, ಅದೂ ವ್ಯಾಕರಣದಿಂದ. ಮನೆಯಲ್ಲಿ ಅವನು ಹೆಂಡತಿಗೆ "ನೀನು" ಎನ್ನುವವನು. ಅತ್ತಿಗೆ ಅವನಿಗೆ "ನೀವು", "ರೀ". ಈಗ ಸಭೆಯಲ್ಲಿ ನಿರ್ದೇಶಕಿಗೆ "ನೀನು" ಎಂದರೆ ಅಧಿಕಾರಕ್ಕೆ ಅಗೌರವ, "ನೀವು" ಎಂದರೆ ನಾಲಿಗೆ ಹೊರಳದು. ಅವನು ಎರಡನ್ನೂ ಬಿಟ್ಟು ಮಾತಾಡತೊಡಗಿದ. "ಮೂರನೇ ಮಹಡಿಗೆ ಒಂದು ಫ್ರೀಜರ್ ಮಂಜೂರಾದ್ರೆ ಅನುಕೂಲ ಆಗುತ್ತೆ. ಆ ವಿಚಾರ ಪರಿಶೀಲಿಸಬಹುದು." ಯಾರು ಮಂಜೂರು ಮಾಡಬೇಕು, ಯಾರು ಪರಿಶೀಲಿಸಬೇಕು, ವಾಕ್ಯದಲ್ಲಿ ಸುಳಿವೇ ಇಲ್ಲ. ಸದಾ ಬೀಗದ ಕೈಗಳ ಗೊಂಚಲು ಸೊಂಟಕ್ಕೆ ಕಟ್ಟಿಕೊಂಡಿರುವುದರಿಂದ ನಾವೆಲ್ಲ "ಬೀಗದಪ್ಪ" ಎನ್ನುತ್ತಿದ್ದ ಅಟೆಂಡರು ನನ್ನ ಹತ್ತಿರ ಬಂದು, "ಸಾರ್ ಯಾಕಮ್ಮ ಸರ್ಕಾರಿ ನೋಟಿಸಿನ ಹಾಗೆ ಮಾತಾಡ್ತಾರೆ?" ಎಂದು ಕೇಳಿದ.

ಕೊನೆಗೆ ಅತ್ತಿಗೆಯೇ ದಾರಿ ತೋರಿಸಿದರು. "ಗೇಟಿನೊಳಗೆ ಮೇಡಂ ಅನ್ನಿ, ಗೇಟಿನಾಚೆ ಏನು ಬೇಕಾದ್ರೂ ಅನ್ನಿ." ಒಂದೆರಡು ವಾರ ಮುಗ್ಗರಿಸಿ ಅಣ್ಣ ಹೊಂದಿಕೊಂಡ. ಆದರೆ ಸಂಸ್ಥೆಯ ಕಾರಿನಲ್ಲಿ ಜೊತೆಗೆ ಬರಲು ಮಾತ್ರ ಒಪ್ಪಲಿಲ್ಲ. ಬೆಳಗ್ಗೆ ಮನೆಯಿಂದ ಕಾರೊಂದು ಹೊರಡುವುದು, ಅದರ ಹೊಗೆ ಕುಡಿಯುತ್ತ ಹಿಂದೆ ಸ್ಕೂಟರೊಂದು ಹೊರಡುವುದು ಬೀದಿಗೆ ರೂಢಿಯಾಯಿತು.

ಹೇಳಿದಂತೆ ಅತ್ತಿಗೆ ಮೊದಲು ಕೈಹಾಕಿದ್ದು ಕಾರಿಡಾರಿಗೆ. ಕೆಟ್ಟ ಫ್ರಿಜ್ಜುಗಳು, ಮುರಿದ ಸ್ಟೂಲುಗಳು, ತುಕ್ಕು ಹಿಡಿದ ಪಂಜರಗಳು. ತೆಗೆಯಲು ಹೊರಟರೆ ಪ್ರತಿಯೊಂದಕ್ಕೂ ಒಬ್ಬ ವಾರಸುದಾರ ಹುಟ್ಟಿಕೊಂಡ. "ಅದು ಮುಂದೆ ಬೇಕಾಗುತ್ತೆ ಮೇಡಂ." ಒಂದು ಫ್ರಿಜ್ಜಿನಲ್ಲಿ ಬರೀ ಛತ್ರಿಗಳಿದ್ದವು. ಅತ್ತಿಗೆ ಯಾರ ಮೇಲೂ ರೇಗಲಿಲ್ಲ. ಲಾರಿ ತರಿಸಿ ಬಾಗಿಲಲ್ಲಿ ನಿಲ್ಲಿಸಿ, ತಾವೂ ಅಲ್ಲೇ ನಿಂತರು. ನಿರ್ದೇಶಕಿ ಬಿಸಿಲಲ್ಲಿ ನಿಂತಿರುವಾಗ ಒಳಗೆ ಕೂತು ವಾದ ಮಾಡಲು ಯಾರಿಗೂ ಮುಖವಿರಲಿಲ್ಲ. ಕಾರಿಡಾರ್ ಖಾಲಿಯಾದ ಮೇಲೆ ಅದರ ನೆಲ ಹಸಿರೆಂದು ನಮಗೆಲ್ಲ ಗೊತ್ತಾಯಿತು.

ತೊಂದರೆ ಹೊರಬಿದ್ದದ್ದೂ ಇದರಿಂದಲೇ. ಅಣ್ಣನ ಪ್ರಯೋಗಾಲಯದ ಒಂದು ಹಳೆಯ ಫ್ರೀಜರನ್ನು ಖಾಲಿ ಮಾಡಬೇಕಾಯಿತು. ರೋಗಿಗಳಿಂದ ಪಡೆದ ರಕ್ತವನ್ನು ಎಸೆಯುವುದಾದರೆ ನಿರ್ದೇಶಕರ ಒಪ್ಪಿಗೆ ಬೇಕು. ಅದನ್ನು ಕೇಳಲು ಅಣ್ಣನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಸಂಶೋಧಕಿ ಬಂದಳು. ತುಂಬ ಎತ್ತರದವಳು, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸುವ ಅಭ್ಯಾಸವಿದ್ದವಳು. ನಾನು ಪುಸ್ತಕಗಳ ವಿಚಾರ ಮಾತಾಡಲು ಹೋಗಿ ಅಲ್ಲೇ ಕೂತಿದ್ದೆ.

"ಏನದು ಎಸೀಬೇಕಾಗಿರೋದು?" ಅತ್ತಿಗೆ ಕೇಳಿದರು.

"ಹಳದಿ ಸೀಸೆಗಳು ಮೇಡಂ." ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು ಸಣ್ಣ ಸೀಸೆಗಳಲ್ಲಿ ಇಡುತ್ತಾರೆ. ರೋಗಿಗೆ ಕಾಮಾಲೆ ಇದ್ದರೆ ಆ ತಿಳಿ ಗಾಢ ಹಳದಿಯಾಗಿರುತ್ತದೆ. "ಆ ಬಣ್ಣ ಅಳತೆಗೆ ಅಡ್ಡ ಬರುತ್ತೆ ಅಂತ ಸಾರ್ ಮೊದಲಿಂದಲೂ ಅವನ್ನ ಪಕ್ಕಕ್ಕಿಡಿಸ್ತಾರೆ. ಕೆಟ್ಟ ಮಾದರಿ ಅಂತ."

"ಯಾವತ್ತೂ ಅಳೆದೇ ಇಲ್ವಾ?"

ಹುಡುಗಿ ಬಾಗಿಲ ಕಡೆ ನೋಡಿದಳು. ಅತ್ತಿಗೆ ಕಾದರು. ಕಾಯುವುದು ಅವರಿಗೆ ಕಷ್ಟವೇ ಅಲ್ಲ.

"ನಾನು ಅಳೆದೆ ಮೇಡಂ. ಬಣ್ಣ ಅಡ್ಡ ಬರದ ಹಾಗೆ ಬೇರೆ ಒಂದು ವಿಧಾನದಲ್ಲಿ. ಸುಮ್ನೆ ಕುತೂಹಲಕ್ಕೆ." ಅವಳ ಕಣ್ಣು ತುಂಬಿಕೊಂಡವು. "ಪಿತ್ತಕೋಶದ ಕಲ್ಲು ನಾಳಕ್ಕೆ ಸಿಕ್ಕಿ ಕಾಮಾಲೆ ಬಂದಿರುತ್ತಲ್ಲ, ಹೋಲಿಸಿ ನೋಡೋಕೆ ಅಂತ ತಗೊಂಡಿರೋ ಅಂಥೋರ ರಕ್ತದಲ್ಲೂ ಆ ಪ್ರೋಟೀನ್ ಏರಿದೆ. ಕ್ಯಾನ್ಸರ್ ಇರೋರಷ್ಟೇ ಏರಿದೆ. ಸಾರ್‌ಗೆ ಹೇಳೋಕೆ ಹೋದೆ. ಕೆಟ್ಟ ಮಾದರೀಲಿ ಒಳ್ಳೆ ಉತ್ತರ ಹುಡುಕಬೇಡ ಅಂದ್ರು."

ಅತ್ತಿಗೆ ಅವಳಿಗೆ ನೀರು ಕೊಟ್ಟರು. "ಎಸೀಬೇಡ" ಎಂದರು. "ಹೊಸ ಫ್ರೀಜರಿಗೆ ಸೇರಿಸು. ನಾನು ಹೇಳಿದೆ ಅಂತ ಹೇಳು." ಹುಡುಗಿ ಹೋದ ಮೇಲೆ ನನ್ನ ಕಡೆ ತಿರುಗಿ, "ಅಮ್ಮನಿಗೆ ಹೇಳಬೇಡ" ಎಂದರು. ಅಣ್ಣನಿಗೆ ಹೇಳಬೇಡ ಎನ್ನಲಿಲ್ಲ. ಅವನಿಗೆ ತಾವೇ ಹೇಳುವವರಿದ್ದರು.

ಆ ಹೊತ್ತಿಗೆ ಕಂಪನಿಯ ಜೊತೆ ಸಹಿಗೆ ದಿನ ಗೊತ್ತಾಗಿತ್ತು. ಕುಲಪತಿಗಳು ಪತ್ರಿಕೆಯವರನ್ನು ಕರೆದಿದ್ದರು. ಅತ್ತಿಗೆ ಮನೆಯಲ್ಲಿ ಒಂದು ಮಾತೂ ಎತ್ತದೆ, ಮರುದಿನ ಅಣ್ಣನನ್ನು ಕಚೇರಿಗೆ ಕರೆಸಿದರು. ಆ ಮಾತುಕತೆ ನಡೆದಾಗ ನಾನಿರಲಿಲ್ಲ. ಇಬ್ಬರೂ ಆಮೇಲೆ ಬೇರೆ ಬೇರೆಯಾಗಿ ನನಗೆ ಹೇಳಿದರು. ಎರಡೂ ಕಡೆಯ ಕಥೆ ಒಂದೇ ಆಗಿತ್ತು; ಅವರ ದಾಂಪತ್ಯದ ಬಗ್ಗೆ ನಾನು ಹೇಳಬಹುದಾದ ಅತ್ಯುತ್ತಮ ಮಾತು ಅದು.

ಅತ್ತಿಗೆ ವಿಷಯ ಹೇಳಿದರು. ಅಣ್ಣ ಮೊದಲು ನಕ್ಕ, ಆಮೇಲೆ ವಿವರಿಸಿದ, ಆಮೇಲೆ ಧ್ವನಿ ಏರಿಸಿದ. "ಇಷ್ಟು ವರ್ಷದ ಕೆಲಸ ಒಬ್ಬ ವಿದ್ಯಾರ್ಥಿನಿಯ ಕುತೂಹಲಕ್ಕೆ ನಿಲ್ಲಿಸ್ಬೇಕಾ? ಹೆಂಡತಿಯಾಗಿ ಹೇಳ್ತಿದ್ದೀಯೋ, ನಿರ್ದೇಶಕಿಯಾಗಿ ಹೇಳ್ತಿದ್ದೀರೋ?"

"ಲಿವರ್ ನೋಡೋಳಾಗಿ ಹೇಳ್ತಿದ್ದೀನಿ. ಬರೀ ಕಲ್ಲಿರೋ ಮನುಷ್ಯನಿಗೆ ನಿಮ್ಮ ಪರೀಕ್ಷೆ ಕ್ಯಾನ್ಸರ್ ಅನ್ನುತ್ತೆ. ಅವನ ಹೆಂಡ್ತಿ ಮಕ್ಕಳು ಅವತ್ತೇ ಅಳೋಕೆ ಶುರು ಮಾಡ್ತಾರೆ. ಯಾರೋ ಒಬ್ಬ ಅವನ ಹೊಟ್ಟೇನೂ ಕೊಯ್ತಾನೆ. ಆಮೇಲೆ?"

"ಅದು ಬಣ್ಣದ ಗಲಾಟೆ. ನನಗೆ ಗೊತ್ತು."

"ಹಾಗಾದ್ರೆ ಹೊರಗಿನೋರು ನೋಡಲಿ ರೀ. ನಾನು ತೀರ್ಪು ಕೊಡಲ್ಲ. ಯಾವುದು ಯಾರ ರಕ್ತ ಅಂತ ಹೇಳದೆ ಬೇರೆ ಊರಿನ ಪ್ರಯೋಗಾಲಯಕ್ಕೆ ಸೀಸೆಗಳನ್ನ ಕಳಿಸ್ತೀನಿ. ಅಲ್ಲೀವರೆಗೂ ಸಹಿ ಇಲ್ಲ."

ಅಣ್ಣ ಬಾಗಿಲು ಬಡಿದುಕೊಂಡು ಹೋದ. ಕುಲಪತಿಗಳು ಕರೆಸಿ ಬೈದರು. ಬಂದ ಭಾಗ್ಯವನ್ನು ಕಾಲಲ್ಲಿ ಒದೆಯುತ್ತಿದ್ದೀರಿ ಎಂದರು. ಕೊನೆಗೆ, "ನಿಮ್ಮ ಮನೆ ಜಗಳಾನ ಸಂಸ್ಥೆಗೆ ತರಬೇಡಿ ಮೇಡಂ" ಎಂದೂ ಅಂದರು.

"ಮನೇಲಿ ಜಗಳ ಇಲ್ಲ ಸಾರ್" ಎಂದರು ಅತ್ತಿಗೆ. "ಇದ್ದಿದ್ರೆ ಚೆನ್ನಾಗಿರ್ತಿತ್ತು. ಮಾತೇ ಇಲ್ಲ."

ಅದು ನಿಜವಾಗಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಗಂಡ ಉಣ್ಣಲು ಮನೆಗೇ ಹೋಗುತ್ತಿರಲಿಲ್ಲ. ಸಂಜೆ ನನ್ನ ಮನೆಗೆ ಬಂದು, ತಟ್ಟೆ ನೋಡಿಕೊಂಡು ಊಟ ಮಾಡಿ, ಮಲಗುವ ಹೊತ್ತಿಗೆ ಮಾತ್ರ ಅಲ್ಲಿಗೆ ಹೋಗುತ್ತಿದ್ದ. ನನಗೆ ಎರಡೂ ಕಡೆ ನುಂಗಲಾರದ ತುತ್ತು. ಅತ್ತಿಗೆ ಏನೂ ಕೇಳುತ್ತಿರಲಿಲ್ಲ, ಒಮ್ಮೆ ಮಾತ್ರ, "ಅವರಿಗೆ ಉಪ್ಪು ಕಮ್ಮಿ ಹಾಕು, ಬಿ.ಪಿ. ಇದೆ" ಎಂದರು.

ತಾಳ್ಮೆ ಕೆಟ್ಟದ್ದು ಅಮ್ಮನಿಗೆ. ಒಂದು ಸಂಜೆ ಕೋಲೂರಿಕೊಂಡು ನನ್ನ ಮನೆಗೇ ಬಂದಳು. ಅಣ್ಣ ಊಟಕ್ಕೆ ಕೂತಿದ್ದ.

"ಯಾಕೋ, ನಮ್ಮನೇಲಿ ಒಲೆ ಉರೀತಿಲ್ವಾ?"

"ಅಮ್ಮ, ನಿನಗೆ ಇದೆಲ್ಲ ಅರ್ಥ ಆಗಲ್ಲ. ಅವಳು ನನ್ನ ಕೆಲಸಾನೇ ಮುಳುಗಿಸ್ತಿದಾಳೆ."

"ನನಗೆ ನಿನ್ನ ರಕ್ತಾನೂ ಅರ್ಥ ಆಗಲ್ಲ, ಅವಳ ಲಿವರ್ರೂ ಅರ್ಥ ಆಗಲ್ಲ. ಗಂಡನ ಕುರ್ಚಿ ಕಿತ್ಕೊಂಡ್ಳು ಅಂತ ಬೀದಿಯೋರು ಅಂದಾಗ ನಾನು ಅವರ ಬಾಯಿ ಮುಚ್ಚಿಸ್ದೆ. ಈಗ ನೀನೇ ಹಾಗೆ ಮುಖ ಊದಿಸ್ಕೊಂಡು ತಿರುಗಿದ್ರೆ ಯಾರ ಬಾಯಿ ಅಂತ ಮುಚ್ಚಿಸ್ಲಿ? ಅವಳು ಹೇಳಿದ್ದು ಸುಳ್ಳಾದ್ರೆ ಸುಳ್ಳು ಅಂತ ತೋರಿಸು. ತೋರಿಸೋಕಾಗದಿದ್ರೆ ಮನೆಗೆ ಬಂದು ಉಣ್ಣು."

ಅಣ್ಣ ಕೈ ತೊಳೆದು ಎದ್ದ. ಮರುದಿನದಿಂದ ಅವನ ನಡೆ ಬದಲಾಯಿತು. ಎತ್ತರದ ಹುಡುಗಿಯನ್ನು ಕರೆದು, ಉಳಿದ ಹಳದಿ ಸೀಸೆಗಳನ್ನು ಹೊರಗೆ ತೆಗೆಸಿದ. ಅವಳ ವಿಧಾನವನ್ನು ಅವಳಿಂದಲೇ ಹೇಳಿಸಿಕೊಂಡು, ಬಹಳ ವರ್ಷಗಳ ಮೇಲೆ ತಾನೇ ಕೈಗವಸು ಹಾಕಿಕೊಂಡು ಅಳೆಯಲು ಕೂತ. ಅವಳನ್ನು ಸುಳ್ಳು ಮಾಡಬೇಕೆಂದೇ ಕೂತದ್ದು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಒಮ್ಮೆ ಅಳೆದ. ಯಂತ್ರದ ತಪ್ಪಿರಬಹುದೆಂದು ಇನ್ನೊಂದು ಯಂತ್ರದಲ್ಲಿ ಅಳೆದ. ಹುಡುಗಿ ಪಕ್ಕದಲ್ಲಿ ನಿಂತು ಸೀಸೆ ಕೊಡುತ್ತಿದ್ದಳು.

ಹೊರಗಿನ ಪ್ರಯೋಗಾಲಯದ ಉತ್ತರ ಬರುವ ಮುಂಚೆಯೇ ಒಂದು ಸಂಜೆ ಅವನು ನನ್ನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸದೆ ನೇರವಾಗಿ ತನ್ನ ಮನೆಗೆ ಹೋದ. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಿದ್ದರಂತೆ. ಅವನು ಮಂಚದ ತುದಿಯಲ್ಲಿ ಕೂತ.

"ಸರಿಯಾಗಿದೆ" ಎಂದ. ಸ್ವಲ್ಪ ತಡೆದು, "ಅಂದ್ರೆ ತಪ್ಪಾಗಿದೆ. ಆ ಹುಡುಗಿ ಹೇಳಿದ್ದೇ ನಿಜ."

ಅತ್ತಿಗೆ ಕೈಲಿದ್ದ ಅಂಗಿಯನ್ನು ಕೆಳಗಿಟ್ಟು ಅವನ ಪಕ್ಕದಲ್ಲಿ ಕೂತರು. ಏನು ಮಾತಾಡಿದರೋ ಯಾರೂ ನನಗೆ ಹೇಳಲಿಲ್ಲ. ಅಮ್ಮ ಮಾತ್ರ, ಅಂದು ಮಗ ಮೂರು ಸಲ ಬಡಿಸಿಕೊಂಡ ಎಂದಳು.

ಹೊರಗಿನಿಂದಲೂ ಅದೇ ಉತ್ತರ ಬಂತು. ಕಂಪನಿ ಹಿಂದೆ ಸರಿಯಿತು. ಕುಲಪತಿಗಳು, ಇದನ್ನು ಸದ್ದಿಲ್ಲದೆ ಮುಗಿಸೋಣ ಎಂದರು. ಅತ್ತಿಗೆ ಒಪ್ಪಲಿಲ್ಲ. "ರಕ್ತ ಕೊಟ್ಟೋರು ಜನ. ಪತ್ರಿಕೆಯೋರಿಗೆ ಹೇಳದಿದ್ರೂ ಪರವಾಗಿಲ್ಲ, ಅವರಿಗೆ ಹೇಳ್ಬೇಕು" ಎಂದು ರೋಗಿಗಳನ್ನೂ ಅವರ ಮನೆಯವರನ್ನೂ ಕರೆಸಿದರು. ಆ ರೋಗದ ಸ್ವಭಾವ ಗೊತ್ತಿದ್ದವರಿಗೆ ಅಚ್ಚರಿಯಿಲ್ಲ: ಬಂದವರಲ್ಲಿ ರೋಗಿಗಳು ಕೆಲವರೇ, ಮಿಕ್ಕವರೆಲ್ಲ ಅವರನ್ನು ಕಳೆದುಕೊಂಡವರು. ಗ್ರಂಥಾಲಯದ ಮೇಜುಗಳನ್ನು ಸರಿಸಿ ಕುರ್ಚಿ ಹಾಕಿಸಿದೆ. ಅತ್ತಿಗೆ ತಾವೇ ಮಾತಾಡುವುದೆಂದು ಎದ್ದಾಗ ಅಣ್ಣ, "ಮೇಡಂ, ಇದು ನನ್ನ ಕೆಲಸ" ಎಂದು ಮುಂದೆ ಬಂದ.

ಅವನ ದೊಡ್ಡ ಧ್ವನಿ ಅಂದು ಕೊನೆಯ ಸಾಲಿಗೆ ಕೇಳಿಸಲೇ ಇಲ್ಲ. ಒಂದು ಪರೀಕ್ಷೆ ಮಾಡಲು ಹೊರಟಿದ್ದು, ಯಾವ ಸೀಸೆಗಳನ್ನು ಪಕ್ಕಕ್ಕಿಟ್ಟದ್ದು, ಅಲ್ಲೇ ಉತ್ತರವಿದ್ದದ್ದು, ತಾನು ಅದನ್ನು ನೋಡಲು ಒಪ್ಪದೆ ಇದ್ದದ್ದು, ಎಲ್ಲ ಹೇಳಿದ. ಆಮೇಲೆ ಒಬ್ಬ ಕ್ಷೌರಿಕ ಎದ್ದು ನಿಂತ. ಊರಿನ ಬಸ್ ನಿಲ್ದಾಣದ ಎದುರು ಅವನ ಅಂಗಡಿ. ಅರ್ಧ ಊರಿನ ತಲೆ ಅವನ ಕೈಗೆ ಬಾಗಿದೆ. ಅವನ ಹೆಂಡತಿ ಆ ರೋಗದಿಂದ ಹೋಗಿದ್ದಳು.

"ಸಾರ್, ಅವಳು ಸೂಜಿಗೆ ಹೆದರೋಳು. ಆದ್ರೂ ಕೊಟ್ಳು. ಬೇರೆಯೋರಿಗಾದ್ರೂ ಆಗಲಿ ಅಂದ್ಳು. ಹಾಗಾದ್ರೆ ಅವಳ ರಕ್ತ ವ್ಯರ್ಥ ಆಯ್ತಾ?"

ಅಣ್ಣ ಅವನ ಹತ್ತಿರಕ್ಕೆ ಬಂದ. "ಇಲ್ಲ ಅಂತ ಹೇಳೋಕೆ ಆಸೆ ಆಗುತ್ತೆ. ನಿಮ್ಮನ್ನ ಸಮಾಧಾನ ಮಾಡೋಕೆ ಹಾಗನ್ನಲ್ಲ. ನಾನು ಅಂದ್ಕೊಂಡಿದ್ದು ತಪ್ಪು ಅಂತ ಗೊತ್ತಾಗೋಕೆ ಆ ರಕ್ತ ಬೇಕಾಯ್ತು. ಇನ್ನೂ ಇದೆ. ಭದ್ರವಾಗಿದೆ. ನಿಮಗೆ ಬೇಡ ಅನ್ನಿಸಿದ್ರೆ ತೆಗೆದುಬಿಡ್ತೀವಿ."

ಕ್ಷೌರಿಕ ತನ್ನ ಬೆರಳುಗಳನ್ನು ನೋಡಿಕೊಂಡ. "ಇರಲಿ ಬಿಡಿ ಸಾರ್. ನೀವಲ್ಲದಿದ್ರೆ ಇನ್ಯಾರಾದ್ರೂ ನೋಡಲಿ" ಎಂದು ಕೂತ.

ಎಲ್ಲರೂ ಅವನಷ್ಟು ದೊಡ್ಡ ಮನಸ್ಸಿನವರಾಗಿರಲಿಲ್ಲ. ಒಬ್ಬ ಹೆಂಗಸು ಅಣ್ಣನ ಮುಖಕ್ಕೇ ಬೈದು ಎದ್ದು ಹೋದಳು. ಅವನು ಬೈಸಿಕೊಂಡ.

ಇದರಿಂದ ಯಾರಿಗೂ ಕೋಡು ಮೂಡಲಿಲ್ಲ. ಅಣ್ಣನ ಪ್ರಯೋಗಾಲಯದ ಅರ್ಧ ಜಾಗ ಬೇರೆಯವರಿಗೆ ಹೋಯಿತು. ಆ ನಿರ್ಧಾರವನ್ನೂ ಅತ್ತಿಗೆ ಮಾಡಲಿಲ್ಲ, ಹೊರಗಿನ ಸಮಿತಿ ಮಾಡಿತು. ಅದು ಅನ್ಯಾಯ ಎಂದು ಅಣ್ಣ ಇಂದಿಗೂ ಹೇಳುತ್ತಾನೆ, ಅತ್ತಿಗೆ ಇಂದಿಗೂ ಕೇಳಿಸಿಕೊಳ್ಳುತ್ತಾರೆ. ಎತ್ತರದ ಹುಡುಗಿ, ಪರೀಕ್ಷೆ ಏಕೆ ಸೋತಿತು ಎಂಬುದನ್ನೇ ಪ್ರಬಂಧ ಮಾಡಿ ಪದವಿ ಪಡೆದಳು, ಮಾರ್ಗದರ್ಶಕ ಅಣ್ಣನೇ. ಅವನ ಕೈಗೆ ಸಮಯ ಹೆಚ್ಚಾಗಿ, ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳತೊಡಗಿದ. ಅವರಿಗೆ ಅವನು ಮೊದಲ ದಿನ ಹೇಳುವುದು ತನ್ನ ಸೋಲಿನ ಕಥೆ. ಹೇಳಿ ಹೇಳಿ ಅದು ಈಗ ಬಹಳ ರಂಜಕವಾಗಿದೆ, ಕೆಲವು ಕಡೆ ಸ್ವಲ್ಪ ಉಪ್ಪು ಖಾರವೂ ಸೇರಿದೆ.

ಅತ್ತಿಗೆ ಒಂದು ಅವಧಿ ನಿರ್ದೇಶಕಿಯಾಗಿದ್ದರು. ಅವರನ್ನು ಕಂಡರೆ ಆಗದವರೂ ಇದ್ದರು. ಎಲ್ಲದಕ್ಕೂ ತಡ, ಎಲ್ಲದಕ್ಕೂ ಇನ್ನೊಮ್ಮೆ ನೋಡೋಣ ಎನ್ನುತ್ತಾರೆ ಎಂಬ ದೂರಿನಲ್ಲಿ ಸತ್ಯವಿತ್ತು. ಒಳ್ಳೆಯ ಇಬ್ಬರು ವಿಜ್ಞಾನಿಗಳು ಬೇಸತ್ತು ಬೇರೆಡೆಗೆ ಹೋದರು. ಹೊಸ ಕಟ್ಟಡ ಬರಲೇ ಇಲ್ಲ. ನಡುವೆ ಅಮ್ಮ ಹಾಸಿಗೆ ಹಿಡಿದಳು. ಅತ್ತಿಗೆ ರಜೆ ಹಾಕಿ ಕೊನೆಯವರೆಗೂ ಪಕ್ಕದಲ್ಲಿದ್ದರು. ಆ ದಿನಗಳಲ್ಲಿ ಸಂಸ್ಥೆಯ ಉಸ್ತುವಾರಿ ಯಾರದೆಂಬ ಪ್ರಶ್ನೆ ಬಂದಾಗ ಹಿರಿತನದ ಪ್ರಕಾರ ಅದು ಅಣ್ಣನ ಪಾಲಿಗೆ ಬಂತು. ಅವನು ನಿರ್ದೇಶಕರ ಕೋಣೆಗೆ ಹೋಗಲಿಲ್ಲ. ಕಡತಗಳನ್ನು ಮೂರನೇ ಮಹಡಿಗೇ ತರಿಸಿಕೊಂಡು, ಅಲ್ಲಿಂದಲೇ ಕೆಲಸ ನಡೆಸಿದ.

ಅವಧಿ ಮುಗಿದಾಗ ಮುಂದುವರಿಯಿರಿ ಎಂದು ಕುಲಪತಿಗಳೇ ಕೇಳಿಕೊಂಡರು. ಅತ್ತಿಗೆ ಬೇಡವೆಂದರು. ಬೇರೆ ಊರಿನಿಂದ ಹೊಸ ನಿರ್ದೇಶಕರೊಬ್ಬರು ಬಂದರು. ಅಧಿಕಾರ ವಹಿಸಿಕೊಡುವ ದಿನ ಇಬ್ಬರೂ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದ ಮೇಲೆ ನಾನು ತಡೆಯಲಾರದೆ, "ಅವರಿಗೆ ಏನು ಬುದ್ಧಿ ಹೇಳಿದ್ರಿ ಅತ್ತಿಗೆ?" ಎಂದು ಕೇಳಿದೆ.

"ಬುದ್ಧಿ ಏನು ಹೇಳೋದು? ಅವರೇ ತಿಳಿದೋರು" ಎಂದರು ಅತ್ತಿಗೆ, ಚೀಲಕ್ಕೆ ಕನ್ನಡಕ ಹಾಕಿಕೊಳ್ಳುತ್ತ. "ಡ್ರೈವರಿಗೆ ಕತ್ತು ನೋವಿದೆ, ಹಿಂದಕ್ಕೆ ತಿರುಗಿ ಕಾರು ತೆಗೆಯೋಕೆ ಕಷ್ಟ ಆಗುತ್ತೆ, ಮನೆ ಗೇಟಿನ ಹೊರಗೇ ನಿಲ್ಲಿಸೋಕೆ ಹೇಳಿ ಅಂದೆ. ಬರ್ಕೊಂಡ್ರು."